ಲಾಡಿ ಕಟ್ಟಿದ ಕೈಗಳು

ಸತ್ತವರ ಬಟ್ಟೆಗಳ ನಡುವೆ ಕೆಲಸ ಮಾಡುವವಳು ನಾನು. ಹೀಗೆಂದರೆ ಕೆಲವರು ಮುಖ ಒಂದು ಥರ ಮಾಡುತ್ತಾರೆ. ಸಿಡ್ನಿಯಲ್ಲಿ ನಾಟಕಗಳಿಗೂ ಪ್ರದರ್ಶನಗಳಿಗೂ ಹಳೆಯ ಕಾಲದ ಉಡುಪುಗಳನ್ನು ಹೊಲಿದು ಕೊಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನಗೆ ಕೆಲಸ. ಯಾರದೋ ಮುತ್ತಜ್ಜಿ ತೊಟ್ಟ ಗೌನನ್ನು ಮೇಜಿನ ಮೇಲೆ ಹರಡಿ, ಅಳತೆ ತೆಗೆದು, ಅಂಥದ್ದೇ ಹೊಸದೊಂದನ್ನು ತಯಾರಿಸುತ್ತೇನೆ. ಅವುಗಳ ಕಂಕುಳಲ್ಲಿ ಬೆವರಿನ ಕಲೆ ಹಾಗೆಯೇ ಉಳಿದಿರುತ್ತದೆ. ಕೆಲವುಗಳ ಕೊರಳಪಟ್ಟಿಗೆ ಒಂದು ಕೂದಲು ಅಂಟಿಕೊಂಡಿರುತ್ತದೆ. ನನಗೆ ಒಂದು ದಿನವೂ ಏನೂ ಅನ್ನಿಸಿರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಹಳೆಯ ಬಟ್ಟೆ ಮುಟ್ಟುವ ಮೊದಲು ಅದಕ್ಕೆ ಮೆಲ್ಲಗೆ "ಹಲೋ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಧಾರವಾಡದ ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಹೊರಗೆ ಹೋಗಬೇಡ ಎಂದವರಿಗೆಲ್ಲ ಉಲ್ಟಾ ಮಾತಾಡಿ ಬೈಸಿಕೊಂಡವಳು ನಾನು. ಈಗ ಹೇಳಲಿರುವುದು ನನಗೇ ಆಗಿದ್ದು. ಆಗಿರದಿದ್ದರೆ, ಬೇರೆಯವರು ಹೇಳಿದ್ದರೆ, ನಾನೂ ನಂಬುತ್ತಿರಲಿಲ್ಲ. ನೀವು ನಂಬಬೇಕೆಂಬ ಹಟವೂ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಸಿಡ್ನಿಯ ಪ್ರದರ್ಶನವೊಂದಕ್ಕೆ ವಿಕ್ಟೋರಿಯಾ ರಾಣಿಯ ಕಾಲದ ಉತ್ತರಾರ್ಧದಲ್ಲಿ ಇಲ್ಲಿನ ಸಿರಿವಂತ ಹೆಂಗಸರು ತೊಡುತ್ತಿದ್ದ ಉಡುಪುಗಳು ಬೇಕಾಗಿದ್ದವು. ಅದರಲ್ಲೊಂದು ಮೆಲ್ಬರ್ನ್‌ನಲ್ಲಿತ್ತು. ಹೆಲೆನ್ ಎಂಬ ಎಪ್ಪತ್ತು ದಾಟಿದ ಮಹಿಳೆಯ ಮನೆಯ ಪೆಟ್ಟಿಗೆಯಲ್ಲಿ ತೆಳು ಕಾಗದ ಸುತ್ತಿ ಮಲಗಿಸಿದ್ದ, ಆಕೆಯ ಮುತ್ತಜ್ಜಿಯ ನೃತ್ಯಕೂಟದ ಗೌನು. ರೇಷ್ಮೆ ಎಷ್ಟು ಜೀರ್ಣವಾಗಿತ್ತೆಂದರೆ ಎತ್ತಿದರೆ ತನ್ನ ಭಾರಕ್ಕೆ ತಾನೇ ಹರಿಯುವಂತಿತ್ತು. ಅದನ್ನು ಯಾರಿಗೂ ತೊಡಿಸುವಂತಿರಲಿಲ್ಲ. ಅದರ ಪಡಿಯಚ್ಚಿನಂಥ ಇನ್ನೊಂದನ್ನು ಹೊಲಿದು, ಅದನ್ನು ತೊಟ್ಟ ಹೆಣ್ಣೊಬ್ಬಳು ಜನರೆದುರು ನಡೆದಾಡಬೇಕು ಎಂಬುದು ಅವರ ಯೋಜನೆ. ಅಳತೆ ತರಲು ನನ್ನನ್ನು ಕಳಿಸಿದರು.

ಗೌನನ್ನು ಮೊದಲ ಸಲ ನೋಡಿದಾಗ ನಾನು ಉಸಿರು ಬಿಡುವುದನ್ನೇ ಮರೆತೆ. ಜೇನಿನ ಬಣ್ಣದ ರೇಷ್ಮೆ, ಮುಂದೆ ನೇರ, ಹಿಂದೆ ಮಾತ್ರ ಸೊಂಟದಿಂದ ಕೆಳಗೆ ಕುದುರೆಯ ಬೆನ್ನಿನಂತೆ ಉಬ್ಬಿ, ಅಲ್ಲಿಂದ ನೆರಿಗೆ ನೆರಿಗೆಯಾಗಿ ನೆಲದ ಮೇಲೆ ಹರಿಯುವ ಬಾಲ. ಆ ಉಬ್ಬಿಗಾಗಿ ಒಳಗೆ ತಂತಿಯ ಚೌಕಟ್ಟೊಂದನ್ನು ಕಟ್ಟಿಕೊಳ್ಳಬೇಕು. ಅದಕ್ಕೆ ಬಸ್ಟಲ್ ಎನ್ನುತ್ತಾರೆ. ಮೇಲಿನ ರವಿಕೆ ಪ್ರತ್ಯೇಕ, ಸೊಂಟ ದಾಟಿ ಕಿಬ್ಬೊಟ್ಟೆಯವರೆಗೆ ಇಳಿಯುವಂಥದ್ದು. ಒಳಗಡೆ ಸೀಳು ಸೀಳಾಗಿ ತಿಮಿಂಗಿಲದ ಎಲುಬು ಕೂರಿಸಿ, ಮೈಗೆ ಮರದ ತೊಗಟೆಯಂತೆ ಕಚ್ಚಿಕೊಳ್ಳುವ ಹಾಗೆ ಹೊಲಿದದ್ದು. ಎದುರಿಗೆ ಒಂದು ಗುಂಡಿಯೂ ಇಲ್ಲ. ಬೆನ್ನ ನಟ್ಟನಡುವೆ ಎರಡೂ ಅಂಚಿಗೆ ಸಣ್ಣ ಸಣ್ಣ ತೂತುಗಳು. ಒಂದೇ ಒಂದು ಉದ್ದನೆಯ ಲಾಡಿಯನ್ನು ಮೇಲಿನಿಂದ ಕೆಳಗಿನವರೆಗೆ ಆಚೀಚೆ ಪೋಣಿಸುತ್ತಾ ಬಿಗಿಯಬೇಕು.

ಈ ಉಡುಪಿನ ಗುಟ್ಟು ಇದೇ ನೋಡಿ. ತೊಡುವವಳು ಎಷ್ಟೇ ದೊಡ್ಡ ಮನೆತನದವಳಾಗಿರಲಿ, ತಾನೇ ತೊಟ್ಟುಕೊಳ್ಳುವಂತಿಲ್ಲ, ತಾನೇ ಬಿಚ್ಚಿಕೊಳ್ಳುವಂತಿಲ್ಲ. ನಮ್ಮ ಮದುವೆಮನೆಗಳಲ್ಲಿ ಬೆನ್ನ ಹುಕ್ಕಿನ ರವಿಕೆ ತೊಟ್ಟವರು "ಬಾರೇ, ಒಂದೆರಡು ಹುಕ್ಕ ಹಾಕ" ಎಂದು ಯಾರನ್ನೋ ಕೂಗುತ್ತಾರಲ್ಲ, ಹಾಗೆ. ಬೆನ್ನ ಹಿಂದೆ ಒಂದು ಜೊತೆ ಕೈ ಇರಲೇಬೇಕು.

ಮೆಲ್ಬರ್ನ್‌ನಲ್ಲಿ ನಾನು ಉಳಿದುಕೊಂಡಿದ್ದು ನನ್ನ ಚಿಕ್ಕಪ್ಪನ ಮಗಳು ಸುಮಾಳ ಮನೆಯಲ್ಲಿ, ವಿಂಡಮ್ ವೇಲ್ ಎಂಬ ಹೊಸ ಬಡಾವಣೆಯಲ್ಲಿ. ಆ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರು ಒಳಗೆ ಬಂದು ವರ್ಷವೂ ಆಗಿರಲಿಲ್ಲ. ಗೋಡೆಗೆ ಇನ್ನೂ ಬಣ್ಣದ ವಾಸನೆ. ಹಿತ್ತಿಲ ಹುಲ್ಲಿನ ಹಾಸು ಅಂಚಿನಲ್ಲಿ ಕೂಡಿಕೊಂಡಿರಲಿಲ್ಲ. ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು, ಎದುರುಸಾಲಿನಲ್ಲಿ ಇನ್ನೂ ಕಟ್ಟಡ ಏಳುತ್ತಿತ್ತು. ಅಲ್ಲಿ ಯಾರೂ ಹುಟ್ಟಿರಲಿಲ್ಲ, ಯಾರೂ ಸತ್ತಿರಲಿಲ್ಲ. ಹೆಲೆನ್‌ಳ ಹಳೆಯ ಮನೆಯ ಮರದ ಮೆಟ್ಟಿಲುಗಳ ಮೇಲೆ ಹೀಗಾಗಿದ್ದರೆ, ಮನಸ್ಸಿನ ಭ್ರಮೆ ಎಂದು ನಾನೇ ನನಗೆ ಸಮಾಧಾನ ಹೇಳಿಕೊಳ್ಳಬಹುದಿತ್ತು.

ಅಳತೆಗಳನ್ನು ತಂದ ಮೇಲೆ ಸುಮಾಳ ಗೆಸ್ಟ್ ರೂಮಿನಲ್ಲೇ ಮೊದಲ ಮಾದರಿ ಹೊಲಿದೆ. ರೇಷ್ಮೆಗೆ ಕತ್ತರಿ ಹಾಕುವ ಮೊದಲು ಬಿಳಿ ಕೋರಾ ಬಟ್ಟೆಯಲ್ಲಿ ಒಂದನ್ನು ಮಾಡಿ ನೋಡುವುದು ನಮ್ಮ ಪದ್ಧತಿ. ಅದನ್ನು ಮೈಮೇಲೆ ಹಾಕಿ ನೋಡಿದರೇ ತಪ್ಪು ತಿಳಿಯುವುದು. ಮುತ್ತಜ್ಜಿಯ ಅಳತೆ ಹೆಚ್ಚುಕಡಿಮೆ ನನ್ನದೇ ಆಗಿತ್ತು. ಒಳಗೆ ಹೊಟ್ಟೆ ಬಿಗಿಯುವ ಕಾರ್ಸೆಟ್ ಹಾಕಬೇಕಿತ್ತು, ಆದರೆ ನಾನು ಹಾಕಲಿಲ್ಲ. ಕೆಲವು ದಿನಗಳಿಂದ ಎಡಗಡೆ ಕಿಬ್ಬೊಟ್ಟೆಯಲ್ಲಿ ಏನೋ ಹಿಡಿದುಕೊಂಡಂತಿತ್ತು. ಮೇಜಿನ ಮೇಲೆ ದಿನವಿಡೀ ಬಗ್ಗಿ ಕೆಲಸ ಮಾಡಿದ್ದಕ್ಕೆ ಉಳುಕಿದೆ ಎಂದುಕೊಂಡಿದ್ದೆ.

ಮಟಮಟ ಮಧ್ಯಾಹ್ನ. ಸುಮಾ ಮಗನನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋಗಿದ್ದಳು. ಅವಳ ಗಂಡ ಆಫೀಸಿನಲ್ಲಿ. ಹೋಗುವಾಗ ಅವಳು ಬಾಗಿಲಲ್ಲಿ ನಿಂತು, "ಅಕ್ಕಾ, ಊಟಾ ಮಾಡು ಮತ್ತ. ಹೊಲಗಿ ಎಲ್ಲೂ ಓಡಿ ಹೋಗಂಗಿಲ್ಲ. ಲಾಡಿ ನಾ ಬಂದ್ ಮ್ಯಾಲೆ ಕಟ್ತೀನಿ" ಎಂದಿದ್ದಳು. ನಾನು ಹೂಂ ಎಂದೆ. ಆದರೆ ಹೊಲಿಗೆಯವರಿಗೆ ಹೊಸದನ್ನು ತೊಟ್ಟು ನೋಡುವ ಅವಸರ ತಡೆಯುವುದಿಲ್ಲ. ಲಾಡಿಯನ್ನು ಮೇಲಿನ ಎರಡು ತೂತಿಗಷ್ಟೇ ಪೋಣಿಸಿ, ರವಿಕೆಯೊಳಗೆ ಕೈ ತೂರಿಸಿ, ವಾರ್ಡ್‌ರೋಬಿನ ಕನ್ನಡಿ ಬಾಗಿಲಿನ ಎದುರು ನಿಂತೆ. ಬೆನ್ನು ತೆರೆದೇ ಇತ್ತು. ಎರಡೂ ಕೈಯಿಂದ ಎದೆಯ ಮೇಲೆ ಬಟ್ಟೆಯನ್ನು ಒತ್ತಿ ಹಿಡಿದಿದ್ದೆ. ಬಿಟ್ಟರೆ ಜಾರುತ್ತಿತ್ತು.

ಆಗ ಗ್ಯಾರೇಜಿನ ಬಾಗಿಲು ಸುರುಳಿ ಸುತ್ತುವ ಗರಗರ ಸದ್ದು ಕೇಳಿಸಿತು. ಪಕ್ಕದ ಮನೆಯದಿರಬೇಕು ಎಂದು ಈಗ ಅನ್ನಿಸುತ್ತದೆ, ಆ ಬೀದಿಯಲ್ಲಿ ಎಲ್ಲ ಗ್ಯಾರೇಜುಗಳ ಸದ್ದೂ ಒಂದೇ. ಆಗ ನಾನು ಸುಮಾ ಬಂದಳು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹಿಂದೆ ಯಾರೋ ಬಂದು ನಿಂತಂತಾಯಿತು. ಸದ್ದಲ್ಲ, ನೆರಳಲ್ಲ. ಒಬ್ಬರು ಹತ್ತಿರ ನಿಂತಾಗ ಬೆನ್ನಿಗೆ ಗೊತ್ತಾಗುತ್ತದಲ್ಲ, ಅಷ್ಟೇ.

"ಬಂದ್ಯಾ? ಹಂಗಾರ ಕಟ್ಟಿಬಿಡವಾ" ಎಂದೆ, ತಿರುಗದೆ.

ಲಾಡಿ ಅಲುಗಿತು. ಬೆರಳುಗಳು ಕೆಲಸ ಶುರುಮಾಡಿದವು. ಮೇಲಿನಿಂದ ಕೆಳಗೆ, ಆ ಕಡೆಯಿಂದ ಈ ಕಡೆಗೆ, ಒಂದೊಂದು ತೂತಿಗೂ ಪೋಣಿಸಿ ಎಳೆಯುವುದು, ಮತ್ತೆ ಪೋಣಿಸಿ ಎಳೆಯುವುದು. ಎಷ್ಟು ಸರಾಗವಾಗಿತ್ತೆಂದರೆ, ಇವಳು ಯಾವಾಗ ಇದನ್ನು ಕಲಿತಳು ಎಂದು ನನಗೆ ಅಚ್ಚರಿಯಾಯಿತು. ಬೆರಳುಗಳು ಬೆಚ್ಚಗಿದ್ದವು. ಇದನ್ನು ಕೇಳಿದವರೆಲ್ಲ ಇಲ್ಲಿ ನನ್ನನ್ನು ನಿಲ್ಲಿಸಿ, ತಣ್ಣಗಿರಲಿಲ್ಲವೇ ಎಂದು ಕೇಳುತ್ತಾರೆ. ಇಲ್ಲ. ನೀರಿನಲ್ಲಿ ಬಹಳ ಕೆಲಸ ಮಾಡಿದ ಕೈಯಂತೆ ತುದಿ ಒರಟಾಗಿ, ಬೆಚ್ಚಗಿದ್ದವು. ಕನ್ನಡಿಯಲ್ಲಿ ನಾನು ಮಾತ್ರ ಕಾಣುತ್ತಿದ್ದೆ. ಸುಮಾ ನನಗಿಂತ ಗಿಡ್ಡ, ಬಗ್ಗಿರಬೇಕು ಎಂದುಕೊಂಡೆ.

ಪಕ್ಕೆಲುಬಿನ ಹತ್ತಿರ ಬಂದಾಗ ಉಸಿರು ಕಟ್ಟಿತು. "ಭಾಳ ಬಿಗೀ ಆತು. ಸ್ವಲ್ಪ ಸಡ್ಲ ಮಾಡು" ಎಂದೆ. ಕೂಡಲೇ ಸಡಿಲವಾಯಿತು. ನಾನು ನಕ್ಕು, ಏನೋ ಮಾತಾಡಿದೆ, ಹೆಲೆನ್ ಮನೆಯ ಬೆಕ್ಕಿನ ಬಗ್ಗೆ ಇರಬೇಕು. ಉತ್ತರ ಬರಲಿಲ್ಲ. ಸುಮಾ ಸುಮ್ಮನಿರುವವಳಲ್ಲ. ಆಗಲೇ ನನಗೆ ಮೊದಲ ಸಲ ಸಣ್ಣದೊಂದು ಅನುಮಾನ ಹುಟ್ಟಿದ್ದು.

ಸೊಂಟದ ಹತ್ತಿರ ಕೈಗಳು ನಿಂತವು. ಇನ್ನೂ ಕೆಳಗೆ ಕೆಲವು ತೂತುಗಳಿದ್ದವು. "ಕೆಳಗೂ ಹಾಕು" ಎಂದೆ. ಹಾಕಲಿಲ್ಲ. ಬದಲಿಗೆ ಒಂದು ಅಂಗೈ ನನ್ನ ಎಡಪಕ್ಕದಿಂದ ಮುಂದೆ ಬಂದು, ಕಿಬ್ಬೊಟ್ಟೆಯ ಮೇಲೆ, ಆ ನೋವಿದ್ದ ಜಾಗದ ಮೇಲೇ, ಮೆತ್ತಗೆ ಊರಿತು. ಆಮೇಲೆ ಒತ್ತಿತು. ಜೀವ ಹೋದಂತೆ ನೋವಾಯಿತು. "ಅಯ್ಯೋ, ಒತ್ತಬ್ಯಾಡ!" ಎಂದು ಕಿರುಚಿದೆ. ಕನ್ನಡಿಯಲ್ಲಿ ನನ್ನ ಹೊಟ್ಟೆಯ ಮೇಲಿನ ಬಿಳಿ ಬಟ್ಟೆ ಕಾಣುತ್ತಿತ್ತು. ಅದು ಒಳಕ್ಕೆ ತಗ್ಗಿತ್ತು. ಅದರ ಮೇಲೆ ಕೈ ಇರಲಿಲ್ಲ.

ಅಂಗೈ ಹಿಂದೆ ಸರಿಯಿತು. ಬೆನ್ನಲ್ಲಿ ಮತ್ತೆ ಬೆರಳುಗಳು ಆಡತೊಡಗಿದವು, ಗಂಟು ಹಾಕುತ್ತಿದ್ದವು. ಆಗಲೇ ಪಕ್ಕದ ಹಾಸಿಗೆಯ ಮೇಲಿದ್ದ ನನ್ನ ಫೋನು ಬಡಿದುಕೊಂಡಿತು. ತಲೆ ತಿರುಗಿಸದೆಯೇ ಪರದೆ ಕಾಣುತ್ತಿತ್ತು. ಅದರ ಮೇಲೆ ಸುಮಾಳ ಹೆಸರು.

ಆ ಕ್ಷಣವನ್ನು ಹೇಗೆ ಹೇಳಲಿ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಬೆನ್ನ ಹಿಂದಿನ ಬೆರಳುಗಳಿಗೆ ಯಾವ ಅವಸರವೂ ಇರಲಿಲ್ಲ. ಲಾಡಿಯ ಎರಡು ತುದಿಗಳನ್ನು ಒಂದರ ಮೇಲೊಂದು ಹಾಯಿಸಿ, ಕುಣಿಕೆ ಮಾಡಿ, ಎಳೆದು ನೋಡಿ, ಇನ್ನೊಂದು ಗಂಟು ಹಾಕಿದವು. ನನ್ನ ಕುತ್ತಿಗೆ ಕಲ್ಲಾಗಿತ್ತು. ತಿರುಗಬೇಕೆಂದು ಅನ್ನಿಸಲೇ ಇಲ್ಲ. ತಿರುಗಬಾರದು, ತಿರುಗಬಾರದು ಎಂದೇ ಅನ್ನಿಸುತ್ತಿತ್ತು. ಫೋನು ನಿಂತಿತು. ಬೆರಳುಗಳೂ ನಿಂತವು. ಆಮೇಲೆ ಬೆನ್ನ ಹಿಂದೆ ಯಾರೂ ಇಲ್ಲ ಎನ್ನುವುದು, ಇದ್ದಾರೆ ಎನ್ನುವುದು ಗೊತ್ತಾದಷ್ಟೇ ಸ್ಪಷ್ಟವಾಗಿ ಗೊತ್ತಾಯಿತು.

ಫೋನು ಮತ್ತೆ ಬಡಿದುಕೊಂಡಾಗ ಹೇಗೋ ಎತ್ತಿದೆ. "ಅಕ್ಕಾ, ಕ್ಲಾಸ್ ತಡಾ ಐತಿ ಇವತ್ತ. ಇನ್ನೂ ಪೂಲ್‌ನ್ಯಾಗ ಅದೀವಿ. ಫ್ರಿಜ್‌ನ್ಯಾಗಿಂದ ಹಾಲು ಹೊರಗ ತಗದ ಇಡ್ತಿಯೇನು?" ಎಂದಳು ಸುಮಾ. ಅವಳ ಹಿಂದೆ ಮಕ್ಕಳ ಗಲಾಟೆ, ನೀರಿನ ಸದ್ದು. ನಾನು ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಬೆನ್ನಿಗೆ ಕೈ ಚಾಚಿದೆ. ಗಂಟು ಕೈಗೆ ಎಟುಕಲಿಲ್ಲ, ಬೆರಳತುದಿಗೆ ತಾಗಿತು ಅಷ್ಟೇ. ಮೈಗೆ ಬಿಗಿದುಕೊಂಡ ಆ ಬಟ್ಟೆಯಲ್ಲಿ ಇನ್ನೊಂದು ನಿಮಿಷ ಇದ್ದರೆ ಸಾಯುತ್ತೇನೆ ಎನ್ನಿಸಿತು. ಬರಿಗಾಲಲ್ಲಿ, ಕೆಳಗೆ ಟ್ರ್ಯಾಕ್ ಪ್ಯಾಂಟು, ಮೇಲೆ ಆ ವಿಚಿತ್ರ ಬಿಳಿ ರವಿಕೆ, ಹಾಗೇ ಬೀದಿಗೆ ಓಡಿದೆ.

ಪಕ್ಕದ ಮನೆಯ ಹರ್‌ಪ್ರೀತ್ ಕಾರಿನಿಂದ ದಿನಸಿ ಇಳಿಸುತ್ತಿದ್ದರು. ಪಂಜಾಬಿನವರು, ಸುಮಾಳಿಗೆ ಸ್ನೇಹ. ನನ್ನ ಅವತಾರ ನೋಡಿ ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಇದನ್ನು ಬಿಚ್ಚಿ, ದಮ್ಮಯ್ಯ, ಮೊದಲು ಇದನ್ನು ಬಿಚ್ಚಿ" ಎಂದು ಹಿಂದಿಯಲ್ಲಿ ಬೇಡಿಕೊಂಡೆ. ಅವರು ಗಂಟಿನ ಜೊತೆ ಗುದ್ದಾಡಿದರು.

"ಯಾರು ಕಟ್ಟಿದ್ದು ಇದನ್ನು? ಬಿಡಿಸೋಕೇ ಆಗ್ತಿಲ್ಲ" ಎಂದರು. ಒಳಗಿಂದ ಅಡುಗೆಮನೆಯ ಕತ್ತರಿ ತಂದು ಕತ್ತರಿಸುತ್ತಾ, "ಕೆಳಗೆ ಯಾಕೆ ಹಾಗೇ ಬಿಟ್ಟಿದ್ದಾರೆ?" ಎಂದೂ ಕೇಳಿದರು. ಅವರು ಹಾಗೆ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಎಚ್ಚರ ತಪ್ಪುವ ಮೊದಲು ನಾನು ಕೊನೆಯದಾಗಿ ಕೇಳಿಸಿಕೊಂಡ ಮಾತು ಅದು. ಹೊಟ್ಟೆಯ ನೋವು ಒಮ್ಮೆಲೇ ಮೇಲೆದ್ದು ಬಂತು. ಅವರ ಡ್ರೈವ್‌ವೇ ಮೇಲೇ ಕುಸಿದೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ವೈದ್ಯೆ ನನ್ನ ಪಕ್ಕ ಕುಳಿತು ನಿಧಾನವಾಗಿ ವಿವರಿಸಿದರು. ನಾನು ಗರ್ಭಿಣಿಯಾಗಿದ್ದೆ. ನನಗೆ ಗೊತ್ತಿರಲಿಲ್ಲ. ಹಿಂದೆ ಎರಡು ಸಲ ಬಸಿರು ಉಳಿಯದೆ ಹೋಗಿದ್ದರಿಂದ ನಾನೂ ನನ್ನ ಗಂಡ ಮಧುವೂ ದಿನ ಎಣಿಸುವುದನ್ನೇ ಬಿಟ್ಟಿದ್ದೆವು. ಈ ಸಲ ಭ್ರೂಣ ಗರ್ಭಕೋಶದೊಳಗೆ ಇಳಿಯದೆ ಎಡಗಡೆಯ ಅಂಡನಾಳದಲ್ಲೇ ಬೆಳೆಯುತ್ತಿತ್ತು. ನಾಳ ಆಗಲೇ ಬಿರಿಯಲು ಶುರುವಾಗಿತ್ತು. "ಮನೆಯಲ್ಲಿ ಒಬ್ಬರೇ ಇದ್ದಾಗ ಪೂರ್ತಿ ಒಡೆದಿದ್ದರೆ ಕಷ್ಟವಿತ್ತು" ಎಂದರು. ತಕ್ಷಣ ಆಪರೇಷನ್ ಆಯಿತು. ಮಗುವನ್ನು ಉಳಿಸುವ ಮಾತೇ ಇರಲಿಲ್ಲ. ನಾನು ಉಳಿದೆ.

ಮಧು ಸಿಡ್ನಿಯ ಪ್ಯಾರಮಟ್ಟಾದ ಆಫೀಸಿನಿಂದ ನೇರವಾಗಿ ಏರ್‌ಪೋರ್ಟಿಗೆ ಹೋಗಿ, ಸಿಕ್ಕ ವಿಮಾನ ಹತ್ತಿ ಬಂದಿದ್ದರು. ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಮೈಸೂರಿನವರು, ಮಾತು ಕಡಿಮೆ. ನನ್ನ ಕೈ ಹಿಡಿದುಕೊಂಡು, "ನೋಡು, ಒಳಗಡೆ ರಕ್ತ ಹೋಗ್ತಾ ಇತ್ತು. ಅಂಥ ಟೈಮಲ್ಲಿ ಮನಸ್ಸು ಏನೇನೋ ತೋರಿಸುತ್ತೆ ಕಣೇ" ಎಂದರು.

"ಹಾಗಾದ್ರೆ ಲಾಡಿ?" ಎಂದೆ.

"ನೀನೇ ಕಟ್ಕೊಂಡಿರ್ತೀಯ. ನೆನಪಿಲ್ಲ ಅಷ್ಟೆ."

ಅದು ಆಗದ ಮಾತು ಎಂದು ನನಗೆ ಗೊತ್ತು. ಚೇತರಿಸಿಕೊಂಡ ಮೇಲೆ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯಲ್ಲಿ ಅದೇ ರವಿಕೆಯನ್ನು ಹೊಸ ಲಾಡಿ ಹಾಕಿ, ಎಲ್ಲ ರೀತಿಯಲ್ಲೂ ಪ್ರಯತ್ನಿಸಿದೆ. ಮೊದಲೇ ಪೋಣಿಸಿ ತಲೆಯ ಮೇಲಿಂದ ಹಾಕಿಕೊಳ್ಳಲು ನೋಡಿದೆ, ಹೆಗಲಲ್ಲೇ ಸಿಕ್ಕಿಕೊಂಡಿತು. ಬೆನ್ನಿನ ನಡುವೆ ನನ್ನ ಕೈ ಹೋಗುವುದೇ ಇಲ್ಲ. ಮಧು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಆ ವಿಷಯ ಎತ್ತಲಿಲ್ಲ. ಕತ್ತರಿಸಿದ ಹಳೆಯ ಲಾಡಿಯನ್ನು, ಆ ಗಂಟಿನ ಸಮೇತ, ಹರ್‌ಪ್ರೀತ್ ಕಸದ ಬುಟ್ಟಿಗೆ ಹಾಕಿದ್ದರಂತೆ. ಅವರ ತಪ್ಪೇನಿದೆ?

ಸುಮಾಳಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. "ಆ ಗೌನಿನಾಕಿನೇ ಬಂದಿದ್ಲು ಅಕ್ಕಾ. ನಿನ್ ಜೀವಾ ಉಳಿಸಿ ಹೋದ್ಲು" ಎಂದಳು.

"ಗೌನಿನಾಕಿ ಯಾಕ ಲಾಡಿ ಕಟ್ತಾಳ? ಆಕಿಗೆ ಕಟ್ಟಾಕ ಬ್ಯಾರೆಯವ್ರ ಇದ್ರು" ಎಂದೆ.

"ಹಂಗಾರ ಆಕಿ ಕೆಲಸದಾಕಿ."

"ಸುಮಾ, ನಾ ಕನ್ನಡದಾಗ ಸಡ್ಲ ಮಾಡು ಅಂದೆ. ಮಾಡಿದ್ಲು. ಇಲ್ಲಿಯ ಆಗಿನ ಕಾಲದ ಕೆಲಸದಾಕಿಗೆ ಧಾರವಾಡದ ಕನ್ನಡ ಹೆಂಗ ತಿಳೀತದ?"

ನಂಬದವರ ವಿವರಣೆಯೂ ನನಗೆ ಸಾಲಲಿಲ್ಲ, ನಂಬುವವರದೂ ಸಾಲಲಿಲ್ಲ.

ಕೆಲವು ತಿಂಗಳ ನಂತರ, ಕೊನೆಯ ಅಳತೆಗಳಿಗಾಗಿ ಮತ್ತೆ ಹೆಲೆನ್ ಮನೆಗೆ ಹೋದೆ. ಹೋಗುವುದು ಬೇಡವೆಂದು ಮಧು ಹೇಳಿದರು. ಹೋಗದಿದ್ದರೆ ಈ ಕೆಲಸವನ್ನೇ ಬಿಡಬೇಕಾಗುತ್ತದೆ ಎಂದು ನನಗೆ ಅನ್ನಿಸಿತ್ತು. ಗೌನನ್ನು ಮೇಜಿನ ಮೇಲೆ ಬೋರಲಾಗಿ ಮಲಗಿಸಿ, ಭೂತಗನ್ನಡಿ ಹಿಡಿದು ಬೆನ್ನಿನ ತೂತುಗಳನ್ನು ಒಂದೊಂದಾಗಿ ನೋಡಿದೆ. ಮೇಲಿನವು ಲಾಡಿಯ ಎಳೆತಕ್ಕೆ ಒಂದು ಬದಿಗೆ ಜಗ್ಗಿದ್ದವು, ಅಂಚಿನ ದಾರ ಸಡಿಲವಾಗಿತ್ತು. ಸೊಂಟದಿಂದ ಕೆಳಗಿನವು ಹೊಲಿದ ದಿನ ಹೇಗಿದ್ದವೋ ಹಾಗೇ ದುಂಡಗೆ, ಹೊಚ್ಚಹೊಸದಾಗಿ ಇದ್ದವು. ಅವುಗಳ ಮೂಲಕ ಯಾವತ್ತೂ ಲಾಡಿ ಹಾದಿರಲಿಲ್ಲ.

ಹೆಲೆನ್‌ಳಿಗೆ ಆ ಜಾಗ ತೋರಿಸಿ, ನಿಮ್ಮ ಮುತ್ತಜ್ಜಿ ಇದನ್ನು ಯಾವಾಗ ತೊಟ್ಟಿದ್ದರು, ಆಗ ಅವರ ಆರೋಗ್ಯ ಹೇಗಿತ್ತು ಎಂದು ಕೇಳಿದೆ. ಆಕೆಗೆ ಹೆಚ್ಚೇನೂ ಗೊತ್ತಿರಲಿಲ್ಲ. ಒಂದೇ ಒಂದು ಸಲ ತೊಟ್ಟಿದ್ದರಂತೆ, ಆಮೇಲೆ ಪೆಟ್ಟಿಗೆಗೆ ಹೋಯಿತಂತೆ. ಯಾಕೆ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. "ಅವರಿಗೆ ಬಟ್ಟೆ ತೊಡಿಸುತ್ತಿದ್ದವರು ಯಾರು?" ಎಂದೆ. ಹೆಲೆನ್ "ಯಾರೋ ಇದ್ದಿರಲೇಬೇಕು, ಅಲ್ಲವೇ" ಎಂದಳು.

ಆ ತೂತುಗಳನ್ನು ನಾನು ಮೊದಲ ಸಲ ಅಳತೆ ತೆಗೆಯುವಾಗಲೇ ಗಮನಿಸಿ ಮರೆತಿದ್ದೆನೇನೋ. ಮರೆತದ್ದನ್ನು ಮನಸ್ಸು ಹೀಗೆ ಹೊರಗೆ ಹಾಕಿತೇನೋ. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡಾಗಲೆಲ್ಲ ಕೆಳಗೆ ಯಾಕೆ ಬಿಟ್ಟಿದ್ದಾರೆ ಎಂದು ಹರ್‌ಪ್ರೀತ್ ಕತ್ತರಿ ಹಿಡಿದು ಕೇಳಿದ ಆ ಪ್ರಶ್ನೆ ಅಡ್ಡ ಬರುತ್ತದೆ.

ಗೌನು ಮುಗಿಯಿತು. ಪ್ರದರ್ಶನದ ದಿನ ಅದನ್ನು ತೊಡಲು ಬಂದವಳು ಎತ್ತರದ, ಮಾತುಗಾರ್ತಿ ಹುಡುಗಿ. ಬೆನ್ನಿಗೆ ಲಾಡಿ ಪೋಣಿಸುವ ಕೆಲಸ ನನ್ನದು. ಯಾರ ಬೆನ್ನ ಹಿಂದೆ ನಿಂತರೂ ನಾನೀಗ ಬಾಯಿ ಮುಚ್ಚುವುದಿಲ್ಲ. ಹವೆ, ಟ್ರೈನು, ಊಟ, ಏನಾದರೂ ಮಾತಾಡುತ್ತಲೇ ಇರುತ್ತೇನೆ, ನಾನೇ ಎಂದು ಅವರಿಗೆ ಗೊತ್ತಿರಲಿ ಎಂದು. ಅವತ್ತು ಸೊಂಟದ ಹತ್ತಿರ ಬಂದಾಗ ಮಾತ್ರ ನನ್ನ ಮಾತು ನಿಂತುಹೋಯಿತು. ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು. ಹುಡುಗಿ ಒಂದು ಕ್ಷಣ ಕಾದಳು. ಆಮೇಲೆ ತಿರುಗದೆ, ಸ್ವಲ್ಪ ಹೆದರಿದ ದನಿಯಲ್ಲಿ, "ಅಲ್ಲೇ ಇದ್ದೀರಾ?" ಎಂದು ಕೇಳಿದಳು.

"ಇದ್ದೇನೆ" ಎಂದೆ.

ಆ ಮಧ್ಯಾಹ್ನ ನಾನೂ ಹೀಗೆ ಕೇಳಬಹುದಿತ್ತು. ಕೇಳಿದ್ದರೆ ಏನು ಉತ್ತರ ಬರುತ್ತಿತ್ತು, ಯಾವ ಭಾಷೆಯಲ್ಲಿ ಬರುತ್ತಿತ್ತು, ನನಗೆ ಇವತ್ತಿಗೂ ತಿಳಿಯದು.